ಟವರ್ ಮೇಲೆ ಕೂರಿಸಿದ ಗೂಬೆ

“ಮೇಲ್ ಬಂದಿಲ್ರೀ, ನೆಟ್‌ವರ್ಕ್ ಇಲ್ಲ.” ರಾಯಚೂರು ಜಿಲ್ಲೆಯ ಸಿಂಧನೂರಿನ ಗಂಜಿನ ಅಡತಿ ಅಂಗಡಿಗಳಲ್ಲಿ, ಲಿಂಗಸುಗೂರಿನ ಕಚೇರಿಗಳ ವರಾಂಡಗಳಲ್ಲಿ, ಮಸ್ಕಿಯ ಬ್ಯಾಂಕು-ಸೊಸೈಟಿಗಳ ಕೌಂಟರಿನಾಚೆ ಒಂದು ಹತ್ತು ಹನ್ನೆರಡು ವರ್ಷ ಇಷ್ಟು ಸಲ ಕಿವಿಗೆ ಬಿದ್ದ ಮಾತು ಇನ್ನೊಂದಿರಲಿಕ್ಕಿಲ್ಲ. ಇದನ್ನು ಸಬೂಬು ಎಂದರೆ ಅನ್ಯಾಯವಾದೀತು. ಹೇಳುವವರು ನಂಬಿಯೇ ಹೇಳುತ್ತಿದ್ದರು. ಕೇಳುವವರೂ ಹೌದೆಂದು ತಲೆಯಾಡಿಸಿ, ಊರ ಹೊರಗಿನ ಕಂಬದ ಕಡೆ ಒಮ್ಮೆ ಕಣ್ಣು ಹಾಯಿಸಿ ಸುಮ್ಮನಾಗುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತು ನೋಡುತ್ತಿದ್ದ ಕಚೇರಿಯ ಮೇಲ್, ಫೋನಿನ ಮೂಲಕ ಅಂಗಿಯ ಜೇಬಿಗೆ ಇಳಿದುಬಂದ ಹೊಸತು ಅದು. ಜೇಬಿನಲ್ಲಿದ್ದದ್ದು ಯಾಕೆ ಒಮ್ಮೊಮ್ಮೆ ಮೂಕವಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಕಾರಣ ಬೇಕಿತ್ತು, ಟವರ್ ಸಿಕ್ಕಿತು. ಆ ದಿನಗಳನ್ನು ಈಗ ತಿರುಗಿ ನೋಡಿದರೆ, ಬಾರದ ಮೇಲ್‌ಗೆ ಟವರ್ ನಿಜವಾಗಿ ಕಾರಣವಾಗಿದ್ದದ್ದು ತೀರ ಕಡಿಮೆ ಸಲ ಎಂದೇ ನನಗೆ ತೋರುತ್ತದೆ. ಕಾರಣ ಜೇಬಿನಲ್ಲೇ ಇತ್ತು, ಪಕ್ಕದ ಟೇಬಲ್ಲಿನ ಕಂಪ್ಯೂಟರಿನಲ್ಲಿತ್ತು, ಇಲ್ಲವೇ ನಮ್ಮನ್ನು ಕೇಳದೆ ದೂರದೇಶದಲ್ಲಿ ಆದ ಒಂದು ತೀರ್ಮಾನದಲ್ಲಿತ್ತು. ನಾವು ಗೂಬೆಯನ್ನು ಟವರ್ ಮೇಲೆ ಕೂರಿಸಿ ಕೈತೊಳೆದುಕೊಂಡೆವು. ಅದರಿಂದಾದ ನಷ್ಟ ನಾಲ್ಕು ತಡವಾದ ಪತ್ರಗಳಷ್ಟೇ ಅಲ್ಲ ಎಂಬುದು ನನ್ನ ವಾದ.

ಟವರ್ ಇಲ್ಲದಿದ್ದಾಗ ಮೇಲ್‌ಗೆ ಏನಾಗುತ್ತದೆ? ಇದಕ್ಕೆ ಈ ಸೀಮೆಯಲ್ಲೇ ಒಳ್ಳೆಯ ಸಾಕ್ಷಿಯಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ. ಬಂಡೆಯ ಅಡಿಗೆ ಟವರಿನ ಅಲೆ ಇಳಿಯದು. ಪಾಳಿಗೆ ಇಳಿದವರ ಪಾಲಿಗೆ ಅಷ್ಟು ಹೊತ್ತು ಹೊರಗಿನ ಲೋಕ ಬಂದ್. ಮೇಲೆ ಬಂದು ಫೋನ್ ಕೈಗೆತ್ತಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಇಡೀ ಪಾಳಿಯ ಸಂದೇಶಗಳು ಸಾಲುಗಟ್ಟಿ ಬೀಳಬೇಕು, ಬೀಳುತ್ತವೆ. ಯಾವುದೂ ಕಳೆದಿರುವುದಿಲ್ಲ, ಏಕೆಂದರೆ ಅವು ಕಾದಿದ್ದದ್ದು ಗಾಳಿಯಲ್ಲಲ್ಲ, ಸರ್ವರ್‌ನಲ್ಲಿ. ಅಂದರೆ ಟವರ್ ಕೈಕೊಟ್ಟಾಗ ಕಾಣುವ ಲಕ್ಷಣ ತಡ. ತಡವಾದದ್ದೆಲ್ಲ ಒಟ್ಟಿಗೇ ಬರುತ್ತದೆ. ಆದರೆ ಕಚೇರಿಗಳಲ್ಲಿ ಕೇಳಿಬರುತ್ತಿದ್ದ ದೂರುಗಳ ಬಣ್ಣವೇ ಬೇರೆ. ಇವತ್ತಿನದು ಬಂದಿದೆ, ನಿನ್ನೆಯದು ಇಲ್ಲ. ರಾತ್ರಿಯದು ಬಂದಿದೆ, ಹಗಲಿನದು ಇಲ್ಲ. ಹೋದ ತಿಂಗಳ ತನಕ ಸರಿಯಾಗಿ ಬಂದು ಈ ತಿಂಗಳು ಪೂರ್ತಿ ಬಂದ್. ಬರುವುದು ಬರುತ್ತದೆ, ನಾವು ಬರೆದದ್ದು ಹೋಗವಲ್ದು. ಟವರಿಗೆ ಹೀಗೆ ಆರಿಸಿ ಆರಿಸಿ ತಡೆಯುವ ಬುದ್ಧಿಯಿಲ್ಲ. ಅದೇ ಗಳಿಗೆಯಲ್ಲಿ ಅದೇ ಫೋನಿಗೆ ಸೋದರತ್ತೆಯ ಮಗನ ಮದುವೆಯ ವಿಡಿಯೋ ವಾಟ್ಸಾಪ್‌ನಲ್ಲಿ ಇಳಿಯುತ್ತಿರುತ್ತಿತ್ತು ಎಂಬುದನ್ನೂ ಸೇರಿಸಿಕೊಂಡರೆ, ಟವರ್ ಮೇಲಿನ ಮೊಕದ್ದಮೆ ಅಲ್ಲಿಗೇ ವಜಾ ಆಗಬೇಕಿತ್ತು.

ಹಾಗಾದರೆ ಆಗ ನೆಟ್‌ವರ್ಕ್ ಸೊಗಸಾಗಿತ್ತೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇರಲಿಲ್ಲ. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಗುವ ತನಕ ಇಲ್ಲಿನ ಹಳ್ಳಿಗಳಲ್ಲಿ ತೆರೆಯ ಮೂಲೆಯಲ್ಲಿ ನಿಧಾನದ ಎಡ್ಜ್ ಸಂಪರ್ಕದ ಗುರುತಾದ ಇಂಗ್ಲಿಷಿನ ‘ಇ’ ಅಕ್ಷರ ಮೂಡಿದರೆ ಅದೇ ದೊಡ್ಡದು. ಆ ‘ಇ’ಯ ಮೇಲೆ ಹತ್ತು ಪುಟದ ಸ್ಕ್ಯಾನ್ ಪ್ರತಿ ಇಳಿಸಲು ಹೋದವರ ಸಿಟ್ಟು ನ್ಯಾಯವಾದದ್ದೇ. ಆದರೆ ನಾಲ್ಕು ಸಾಲಿನ ಪತ್ರ ಕೆಲವೇ ಕಿಲೋಬೈಟ್. ಅಷ್ಟನ್ನು ಹೊರಲು ಆ ದಾರಿ ಧಾರಾಳ ಸಾಕಿತ್ತು. ಮೇಲ್ ತರಿಸಿಕೊಳ್ಳುವ ಪಾಪ್ ಎಂಬ ನಿಯಮದ ಮೊದಲ ರೂಪ 1984ರದು, ಐಮ್ಯಾಪ್ ಹುಟ್ಟಿದ್ದು 1986ರಲ್ಲಿ. ಟೆಲಿಫೋನ್ ತಂತಿಗೆ ಮೋಡೆಮ್ ಹಚ್ಚಿ ಅದರ ಕಿರುಚಾಟ ಕೇಳುತ್ತ ಕೂರುತ್ತಿದ್ದ ಕಾಲದವು ಅವು. ಹರಕು ದಾರಿಯಲ್ಲಿ ನಡೆಯಲೆಂದೇ ಅವುಗಳ ಕಾಲು ಗಟ್ಟಿಯಾಗಿದೆ. ಇನ್ನೊಂದು ಮಾತೂ ಇದೆ. ನೆಟ್‌ವರ್ಕೇ ಕಾರಣವಾಗಿದ್ದರೆ 2016ರ ನಂತರ ದೂರು ಇಳಿಯಬೇಕಿತ್ತು. ಸಿಂಧನೂರಿನ ಭತ್ತದ ಗದ್ದೆಯ ಬದುವಿನ ಮೇಲೆ ಕೂತು ಸಿನಿಮಾ ನೋಡುವ ಕಾಲ ಬಂದಿತು. “ಮೇಲ್ ಬಂದಿಲ್ರೀ” ಮಾತ್ರ ಹಾಗೇ ಉಳಿಯಿತು.

ವಾಟ್ಸಾಪ್ ಬಂದು ಮೇಲ್ ಯಾಕೆ ಬರಲಿಲ್ಲ ಎಂಬಲ್ಲಿಂದಲೇ ಗಂಟು ಬಿಚ್ಚುತ್ತದೆ. ವಾಟ್ಸಾಪ್ ತಾನೇ ಬಂದು ಬಾಗಿಲು ಬಡಿಯುತ್ತದೆ. ಕಚೇರಿಯ ಮೇಲ್ ಹೆಚ್ಚಿನ ಸಂದರ್ಭಗಳಲ್ಲಿ ಬಡಿಯುವುದಿಲ್ಲ. ಫೋನ್ ಆಗಾಗ ಸರ್ವರ್ ಬಳಿ ಹೋಗಿ “ಏನಾದರೂ ಬಂದಿದೆಯೇ” ಎಂದು ಕೇಳಿ ಬರಬೇಕು. ಜಿಮೇಲ್ ಆ್ಯಪಿನೊಳಗೆ ಕಚೇರಿಯ ಬೇರೆ ಖಾತೆಯೊಂದನ್ನು ಸೇರಿಸಿದರೆ ಅದು ಹೋಗಿ ಕೇಳುವುದು 15 ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ. ಹೀಗೆ ಹೋಗಿಬರುವ ಆಳನ್ನು ಫೋನಿನ ಒಳಗೇ ಯಾರೋ ಕಟ್ಟಿಹಾಕುತ್ತಿದ್ದರು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ, ಚಾರ್ಜಿಗೆ ಹಾಕದೆ ತೆರೆ ಆರಿಸಿ ಟೇಬಲ್ ಮೇಲೆ ಅಲುಗದಂತೆ ಇಟ್ಟ ಫೋನು ನಿದ್ದೆಗೆ ಜಾರುವ ಏರ್ಪಾಟು ಸೇರಿತು. ಎಚ್ಚರವಾದಾಗಲಷ್ಟೇ ಸಿಂಕ್. ಕಡಿಮೆ ಬೆಲೆಗೆ ಹೆಚ್ಚು ದಿನ ಬರುವ ಬ್ಯಾಟರಿ ತೋರಿಸಬೇಕೆಂಬ ಹಟದಲ್ಲಿದ್ದ ಫೋನ್ ಕಂಪನಿಗಳು ಇದರ ಮೇಲೆ ತಮ್ಮದೇ ಕತ್ತರಿ ಆಡಿಸಿದವು. ಬಳಸದೆ ಬಿಟ್ಟ ಆ್ಯಪ್ ಹಿಂಬದಿಯಲ್ಲಿ ಓಡಕೂಡದು, ತಾನಾಗಿ ಏಳಕೂಡದು ಎಂಬ ಕಟ್ಟಳೆ ಅದು. ಎಲ್ಲರೂ ಬಳಸುವ ವಾಟ್ಸಾಪ್‌ಗೆ ವಿನಾಯಿತಿ ಸಿಗುತ್ತಿತ್ತು, ನೌಕರನ ಮೇಲ್ ಆ್ಯಪ್‌ಗೆ ಸಿಗುತ್ತಿರಲಿಲ್ಲ. ಅಪರೂಪಕ್ಕೆ ಐಫೋನ್ ಹಿಡಿದವರ ಪಾಡೂ ಬೇರೆಯಿರಲಿಲ್ಲ. 2017ರ ಐಒಎಸ್ 11ರಿಂದ ಅದರ ‘ತಾನಾಗಿ’ ಎಂಬ ಆಯ್ಕೆಯ ಅರ್ಥ, ಚಾರ್ಜಿಗೆ ಹಾಕಿ ವೈಫೈಗೆ ಸೇರಿಸಿದಾಗ ಮಾತ್ರ ಹಿಂಬದಿಯಲ್ಲಿ ಮೇಲ್ ತರುತ್ತೇನೆ ಎಂದು.

ಈ ಕತ್ತರಿಗೆ ನಾವೇ ಸಾಣೆ ಹಿಡಿದುಕೊಟ್ಟದ್ದೂ ಉಂಟು. ಕರೆಂಟ್ ಯಾವಾಗ ಹೋಗಿ ಯಾವಾಗ ಬಂದೀತೋ ಹೇಳಲಾಗದ ಬೇಸಿಗೆಗಳಲ್ಲಿ ಬ್ಯಾಟರಿ ಸೇವರ್ ಎಂಬ ಗುಂಡಿ ಒತ್ತುವುದು ಈ ಕಡೆ ಜಾಣತನದ ಗುರುತಾಗಿತ್ತು. ಒಮ್ಮೆ ಒತ್ತಿದವರು ಅದನ್ನು ಮತ್ತೆ ಆರಿಸುತ್ತಿರಲಿಲ್ಲ. ಆ ಗುಂಡಿ ಮೊದಲು ಮಾಡುವ ಕೆಲಸಗಳಲ್ಲೊಂದು ಹಿಂಬದಿಯ ಸಿಂಕ್ ನಿಲ್ಲಿಸುವುದು. ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರ ನಾಡಿಗೆಲ್ಲ ಬೆಳಕು ಕಳಿಸುತ್ತಿರುವಾಗ ಮಸ್ಕಿಯ ಗುಮಾಸ್ತನೊಬ್ಬ ಕರೆಂಟಿನ ಭಯಕ್ಕೆ ತನ್ನ ಮೇಲ್ ತಾನೇ ಬಂದ್ ಮಾಡಿಕೊಂಡಿರಬೇಕಾದ ಸ್ಥಿತಿ. ಇದರಲ್ಲಿ ಸಿಟ್ಟಿಗೇಳಬೇಕಾದ ಅಂಶವಿದ್ದರೆ ಅದು ವಿದ್ಯುತ್ತಿನ ಹಂಚಿಕೆಯದು, ಟವರಿನದಲ್ಲ. ಆದರೆ ಟವರನ್ನು ಬೈದಷ್ಟು ಕಾಲ ಈ ಸಿಟ್ಟು ಅದರ ವಿಳಾಸಕ್ಕೆ ತಲುಪಲೇ ಇಲ್ಲ.

ಇನ್ನು ಪಕ್ಕದ ಟೇಬಲ್ಲಿನ ಕಂಪ್ಯೂಟರ್. ಹಗಲಿನ ಮೇಲ್ ಕಾಣೆ, ರಾತ್ರಿಯದು ಹಾಜರ್ ಎಂಬ ದೂರಿನ ಮೂಲ ಅಲ್ಲಿದೆ, ನನಗೆ ಎಲ್ಲಕ್ಕಿಂತ ರುಚಿಯಾಗಿ ಕಾಣುವ ಪ್ರಕರಣವೂ ಇದೇ. ಗಿರಣಿಯ ಲೆಕ್ಕದ ಕೋಣೆಯಲ್ಲಿ, ಸಣ್ಣ ಕಚೇರಿಯ ಮೂಲೆಯಲ್ಲಿ ಹಳೆಯ ಔಟ್‌ಲುಕ್ ಹಾಕಿಟ್ಟವರು ಪಾಪ್ ನಿಯಮದಲ್ಲಿ ಹಾಕಿರುತ್ತಿದ್ದರು. ಪಾಪ್ ಎಂದರೆ ಪೋಸ್ಟ್ ಆಫೀಸಿಗೆ ಹೋಗಿ ಕಾಗದ ಎತ್ತಿಕೊಂಡು ಬರುವುದು. ‘ಒಂದು ಪ್ರತಿ ಸರ್ವರ್‌ನಲ್ಲಿ ಇರಲಿ’ ಎಂದು ಗುರುತು ಹಾಕದಿದ್ದರೆ ಅಲ್ಲಿನ ಪೆಟ್ಟಿಗೆ ಖಾಲಿ. ಐಮ್ಯಾಪ್‌ನಲ್ಲಿ ಕಾಗದ ಪೋಸ್ಟ್ ಆಫೀಸಿನಲ್ಲೇ ಇರುತ್ತದೆ, ನೋಡಿದವರಿಗೆಲ್ಲ ಪ್ರತಿ ಸಿಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಆ ಕಂಪ್ಯೂಟರ್ ಚಾಲೂ ಆದ ಕ್ಷಣದಿಂದ ಬಂದ ಮೇಲ್ ಎಲ್ಲವನ್ನೂ ಅದು ಎತ್ತಿಕೊಂಡುಬಿಡುತ್ತದೆ. ಫೋನು 15 ನಿಮಿಷದ ನಂತರ ಹೋಗಿ ಕೇಳಿದರೆ ಅಲ್ಲಿ ಏನಿದೆ? ಸಂಜೆ ಕಂಪ್ಯೂಟರ್ ಮಲಗುತ್ತದೆ, ಆಮೇಲೆ ಬಂದದ್ದೆಲ್ಲ ಫೋನಿಗೆ. ಆದ್ದರಿಂದ ಭಾನುವಾರದ ಮೇಲ್ ತಪ್ಪದೆ ಬರುತ್ತಿತ್ತು, ಸೋಮವಾರದ್ದು ಬರುತ್ತಿರಲಿಲ್ಲ. ವಾರದ ರಜೆ ಪಾಲಿಸುವ ಟವರ್ ಲೋಕದಲ್ಲಿ ಎಲ್ಲೂ ಇಲ್ಲ. ಈ ಒಂದು ಲಕ್ಷಣವನ್ನು ಗಮನಿಸಿದ್ದರೆ ರೋಗ ಪತ್ತೆಗೆ ಎಂಜಿನಿಯರ್ ಬೇಕಿರಲಿಲ್ಲ; ಮನೆಯಲ್ಲಿ ಬೆಕ್ಕು ಯಾವ ಹೊತ್ತಿಗೆ ಹಾಲು ಕುಡಿಯುತ್ತದೆ ಎಂದು ಗಮನಿಸುವಷ್ಟು ಬುದ್ಧಿ ಸಾಕಿತ್ತು.

ಮೂಲ ಎಲ್ಲಿದೆ, ಕೈಯಲ್ಲಿರುವುದು ಯಾವುದರ ಪ್ರತಿ ಎಂಬ ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಅಶೋಕನ ಶಾಸನವಿರುವ ಮಸ್ಕಿಯ ಬಂಡೆ ಇರುವುದೇ ಅದಕ್ಕೆ ಸಾಕ್ಷಿಯಾಗಿ. ಅಶೋಕನ ಆಡಳಿತ ಒಂದೇ ಸಂದೇಶವನ್ನು ಹಲವು ಊರುಗಳಿಗೆ ಕಳಿಸಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಪ್ರತಿ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರಿಂದ (ಅಧಿಕಾರಿಗಳಿಂದ) ಇಸಿಲದ ಮಹಾಮಾತ್ರರಿಗೆ ಎಂದು ಶುರುವಾಗಿ, ಕ್ಷೇಮ ಕೇಳಿ, ಆಮೇಲೆ ವಿಷಯಕ್ಕೆ ಬರುತ್ತದೆ. ಕೊನೆಯಲ್ಲಿ ಬರೆದವನು ಚಪಡ ಎಂಬ ಹೆಸರು, ಅದರ ಜೊತೆಗೆ ಲಿಪಿಕಾರ ಎಂಬ ಅರ್ಥದ ಮಾತು ಮಾತ್ರ ಖರೋಷ್ಠಿ ಲಿಪಿಯಲ್ಲಿ. ಫಾರ್ವರ್ಡ್ ಮಾಡಿದ ಮೇಲ್‌ನಲ್ಲಿ ಮೇಲೆ ಯಾರಿಂದ ಯಾರಿಗೆ ಎಂದಿರುವಂತೆ, ಕೆಳಗೆ ಸಹಿ ಇರುವಂತೆ. ಆ ಸುವರ್ಣಗಿರಿ ಈಗಿನ ಕನಕಗಿರಿಯೇ ಇರಬಹುದೆಂದು ಊಹಿಸಿದವರೂ ಇದ್ದಾರೆ. ಮಸ್ಕಿಯದು ಸಿಗುವ ಮೊದಲು ತಿಳಿದಿದ್ದ ಪ್ರತಿಗಳಲ್ಲಿ ರಾಜನ ಹೆಸರಿರಲಿಲ್ಲ, ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೆ. ಅವನೇ ಅಶೋಕನೆಂಬುದು ಸಿಂಹಳದ ವಂಶಕಥನಗಳ ಆಸರೆಯಿಂದ ಕಟ್ಟಿದ ಅನುಮಾನವಾಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಗುರುತಿಸಿದಾಗ ಬಿರುದಿನ ಪಕ್ಕದಲ್ಲೇ ಹೆಸರಿತ್ತು. ಅದೇ ಮಸ್ಕಿಯ ಸಾಲುಗಳು ಸವೆದು ಹೋದಲ್ಲಿ ವಿದ್ವಾಂಸರು ಉಳಿದ ಊರುಗಳ ಪ್ರತಿಗಳನ್ನು ಪಕ್ಕಕ್ಕಿಟ್ಟುಕೊಂಡು ತುಂಬಿಕೊಂಡರು. ಒಂದು ಪ್ರತಿಯ ಕೊರತೆಯನ್ನು ಇನ್ನೊಂದು ನೀಗಿಸಲು ಸಾಧ್ಯವಾದದ್ದು ಪ್ರತಿಗಳು ಬೇರೆ ಬೇರೆ ಕಡೆ ಉಳಿದಿದ್ದರಿಂದ. ಲೆಕ್ಕದ ಕೋಣೆಯ ಕಂಪ್ಯೂಟರ್ ಒಂದೇ ಎಲ್ಲವನ್ನೂ ಎತ್ತಿಟ್ಟುಕೊಂಡ ಕಡೆ, ಅದರ ಹಾರ್ಡ್ ಡಿಸ್ಕ್ ಕೈಕೊಟ್ಟ ದಿನ ಹೋಲಿಸಿ ನೋಡಲು ಎರಡನೆಯ ಬಂಡೆಯೇ ಇರಲಿಲ್ಲ.

ಜಾಗ ತುಂಬಿ ಮೇಲ್ ನಿಲ್ಲುವ ಕತೆ ಈಚಿನದು. ಜಿಮೇಲ್, ಡ್ರೈವ್, ಫೋಟೋ ಮೂರಕ್ಕೂ ಕೂಡಿ 15 ಜಿಬಿ ಪುಕ್ಕಟೆ. 2021ರ ಜೂನ್ 1ರಿಂದ ಹೊಸ ಫೋಟೋಗಳನ್ನೂ ಅದರ ಲೆಕ್ಕಕ್ಕೆ ಹಿಡಿದರು, 2024ರ ಹೊತ್ತಿಗೆ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪನ್ನೂ. ಕಚೇರಿಗೆಂದು ಬಳಸುವ ಜಿಮೇಲ್ ಖಾತೆಯೇ ಮನೆಯ ಫೋಟೋಗಳಿಗೂ ಗೂಡಾದಲ್ಲಿ, ಬೆಳಗಾದರೆ ಬೀಳುವ ಗುಲಾಬಿ ಹೂವಿನ ಶುಭೋದಯಗಳೇ ಸರ್ಕಾರಿ ಸುತ್ತೋಲೆಗೆ ಜಾಗವಿಲ್ಲದಂತೆ ಮಾಡುತ್ತವೆ. ಪೆಟ್ಟಿಗೆ ತುಂಬಿದಾಗ ‘ತಲುಪಲಿಲ್ಲ’ ಎಂಬ ಉತ್ತರ ಹೋಗುವುದು ಕಳಿಸಿದವರಿಗೆ. ಆ ಉತ್ತರವನ್ನು ಅತ್ತ ಯಾರೂ ಓದುವುದಿಲ್ಲ. ಇತ್ತ ಪಡೆಯಬೇಕಾದವರಿಗೆ ಮೌನ. ಮೌನಕ್ಕೆ ಮತ್ತೆ ಟವರೇ ಹೊಣೆ.

ದೂರದ ತೀರ್ಮಾನಗಳ ಮಾತಿಗೆ ಬಂದರೆ ನಮ್ಮ ತಪ್ಪು ತಿಳಿವಳಿಕೆಯ ಬೇರು ಕಾಣುತ್ತದೆ. 2021ರ ಮಾರ್ಚ್ 8ರಂದು ವಾಣಿಜ್ಯ ಸಂದೇಶಗಳನ್ನು ಜರಡಿ ಹಿಡಿಯುವ, ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮ ಜಾರಿಯಾಗಿ, ಖಾತೆಗೆ ಒಳಹೋಗಲು ಬೇಕಾದ ಒಟಿಪಿಗಳು ದೇಶದಾದ್ಯಂತ ತಡೆದು ನಿಂತವು. ಒಂದೆರಡು ದಿನದಲ್ಲಿ ಆ ಜರಡಿಯನ್ನು ಸದ್ಯಕ್ಕೆ ಎತ್ತಿಡಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಜಗತ್ತಿನ ಎಷ್ಟೋ ಸರ್ವರ್‌ಗಳ ಗುರುತಿಗೆ ಆಧಾರವಾಗಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದು, ಹಳೆಯ ಐಫೋನ್‌ಗಳೂ ಕಂಪ್ಯೂಟರ್‌ಗಳೂ ಆ ಸರ್ವರ್‌ಗಳನ್ನು ನಂಬುವುದನ್ನು ಬಿಟ್ಟವು. 2022ರ ಮೇ 30ಕ್ಕೆ ಗೂಗಲ್, ಬರೀ ಹೆಸರು-ಪಾಸ್‌ವರ್ಡ್ ತೋರಿಸಿ ಜಿಮೇಲ್‌ಗೆ ಬರುವ ಬೇರೆ ಆ್ಯಪ್‌ಗಳಿಗೆ ಬಾಗಿಲು ಹಾಕಿತು. ಅದೇ ವರ್ಷ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್, ಕಂಪನಿಗಳ ಮೇಲ್‌ಗೆ, 2024ರ ಸೆಪ್ಟೆಂಬರ್ 16ರಿಂದ ಖಾಸಗಿ ಖಾತೆಗಳಿಗೂ ಅದೇ ಕಟ್ಟಳೆ ತಂದಿತು. ಕಳ್ಳರಿಂದ ಕಾಪಾಡಲು ತೆಗೆದುಕೊಂಡ ಕ್ರಮ, ತಪ್ಪೆನ್ನುವಂತಿಲ್ಲ. ಆದರೆ ಫೋನಿನಲ್ಲಿ ಅದು ಕಾಣುತ್ತಿದ್ದ ರೂಪ ನೋಡಿ: ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪು ಎನ್ನುತ್ತದೆ. ಮತ್ತೆ ಕೊಟ್ಟರೆ ಮತ್ತೆ ತಪ್ಪು. ಮರೆತೆವೇನೋ ಎಂದುಕೊಂಡು ಪಾಸ್‌ವರ್ಡ್ ಬದಲಿಸಿದರೆ ಅಲ್ಲಿಯ ತನಕ ನೆಟ್ಟಗಿದ್ದ ಕಚೇರಿಯ ಕಂಪ್ಯೂಟರೂ ನಿಂತಿತು. ಒಂದು ರೋಗಕ್ಕೆ ಮದ್ದು ಮಾಡಲು ಹೋಗಿ ಎರಡಾದವು.

ಈ ತಾರೀಖುಗಳಲ್ಲಿ ಒಂದೂ ಸಿಂಧನೂರಿಗೆ ಮಾತ್ರ ಬಂದದ್ದಲ್ಲ. ಪುಣೆಯಲ್ಲಿ, ಬೆಂಗಳೂರಿನಲ್ಲಿ ಅದೇ ದಿನಗಳಲ್ಲಿ ಅದೇ ಫೋನುಗಳು ಅದೇ ರೀತಿ ಹಟ ಹಿಡಿದವು. ಅಲ್ಲಿಯವರು “ಸರ್ವರ್‌ನಲ್ಲಿ ಏನೋ ಬದಲಾಗಿದೆ” ಎಂದರು, ನಾವು “ನಮ್ಮ ಕಡೆ ನೆಟ್‌ವರ್ಕ್ ಇಲ್ಲ” ಎಂದೆವು. ಮಾತಿನ ವ್ಯತ್ಯಾಸ ಸಣ್ಣದಲ್ಲ. ಹಿಂದುಳಿದಿರುವಿಕೆಯನ್ನು ಒಪ್ಪಿಕೊಂಡು ಸಂವಿಧಾನಕ್ಕೇ 371(ಜೆ) ಎಂಬ ವಿಧಿ ಸೇರಿಸಿಕೊಂಡ ಸೀಮೆ ಇದು. ನಿಜಾಮರ ಕಾಲದಲ್ಲಿ ಜಿಲ್ಲೆಯ ಹೆಸರು ಹೊತ್ತಿದ್ದ ಲಿಂಗಸುಗೂರು 1905ರಲ್ಲಿ ಅದನ್ನು ಕಳೆದುಕೊಂಡು ರಾಯಚೂರಿಗೆ ಸೇರಿದ್ದೂ ಬೇರೆಲ್ಲೋ ಆದ ತೀರ್ಮಾನದಿಂದಲೇ. ದೋಷವೊಂದು ಕಣ್ಣಿಗೆ ಬಿದ್ದ ಕೂಡಲೇ ಅದು ನಮ್ಮ ನೆಲದ್ದೇ ಎಂದು ಒಪ್ಪಿಕೊಳ್ಳುವ ಅಭ್ಯಾಸ ನಮಗೆ ತಲೆಮಾರುಗಳಿಂದ ಬಂದಿದೆ. ರಸ್ತೆ, ಆಸ್ಪತ್ರೆ, ನೀರಿನ ವಿಷಯದಲ್ಲಿ ಆ ಒಪ್ಪಿಗೆ ಬಹುಪಾಲು ನಿಜವೂ ಹೌದು. ನಿಜವಾದ ಹತ್ತು ಕೊರತೆಗಳ ಸಾಲಿಗೆ ಹನ್ನೊಂದನೆಯ ಸುಳ್ಳು ಕೊರತೆ ಸಲೀಸಾಗಿ ಸೇರಿಕೊಂಡಿತು. ಇದೇ ನಾನು ಮೊದಲು ಹೇಳಿದ ದೊಡ್ಡ ನಷ್ಟ. ಕಂಪನಿಯನ್ನು ಕೇಳಬೇಕಾದ ಪ್ರಶ್ನೆಯನ್ನು, ಮೇಲಿನ ಕಚೇರಿಯನ್ನು ಕೇಳಬೇಕಾದ ಪ್ರಶ್ನೆಯನ್ನು ನಾವು ನಮ್ಮ ಊರಿನ ಹಣೆಬರಹ ಎಂದು ನುಂಗಿಕೊಂಡೆವು.

ರಿಪೇರಿಯ ಬಗೆಯೂ ಈ ನಂಬಿಕೆಗೆ ತಕ್ಕಂತೆಯೇ ಇತ್ತು. ಮೊಬೈಲ್ ಅಂಗಡಿಗೆ ಒಯ್ದರೆ “ಖಾತೆ ತೆಗೆದು ಮತ್ತೆ ಹಾಕೋಣ”, ಅದಕ್ಕೂ ಬಗ್ಗದಿದ್ದರೆ “ಫಾರ್ಮ್ಯಾಟ್ ಹೊಡೆಯೋಣ”. ಅಂಗಡಿಯವರನ್ನು ನಾನು ದೂರುವುದಿಲ್ಲ. ಐವತ್ತು ನೂರು ರೂಪಾಯಿಗೆ, ಎದುರಿಗೆ ನಾಲ್ಕು ಗಿರಾಕಿಗಳು ನಿಂತಿರುವಾಗ, ಬೇರೆಯವರ ಪಾಸ್‌ವರ್ಡ್ ಕೇಳಿಕೊಂಡು ಮಾಡುವ ಕೆಲಸ ಅದು. ಹತ್ತರಲ್ಲಿ ನಾಲ್ಕು ಸಲ ಫಲಿಸುತ್ತಲೂ ಇತ್ತು, ಏಕೆಂದರೆ ಹೊಸದಾಗಿ ಹಾಕಿದಾಗ ಹೊಸ ನಿಯಮದ ಪ್ರಕಾರ ಒಳಹೊಕ್ಕಂತಾಗುತ್ತಿತ್ತು. ಆದರೆ ಖಾತೆ ತೆಗೆದಾಗ ಹೊರಹೋಗದೆ ಉಳಿದಿದ್ದ ಪತ್ರಗಳೂ, ಪಾಪ್‌ನಲ್ಲಿ ಫೋನಿಗಷ್ಟೇ ಇಳಿದಿದ್ದವುಗಳೂ ಅಲ್ಲೇ ಮಣ್ಣುಪಾಲು. ಜೊತೆಗೆ ದೋಷ ಎಲ್ಲಿತ್ತು ಎಂಬ ಗುರುತೂ ಅಳಿಸಿಹೋಗುತ್ತಿತ್ತು, ಹಾಗಾಗಿ ಮುಂದಿನ ತಿಂಗಳು ಮತ್ತದೇ ಅಂಗಡಿ. ಮೊದಲು ಮಾಡಬೇಕಿದ್ದದ್ದು ಎರಡು ನಿಮಿಷದ ಕೆಲಸ: ಅದೇ ಫೋನಿನ ಬ್ರೌಸರ್ ತೆರೆದು ಅದೇ ಖಾತೆಗೆ ನೇರ ಹೋಗಿ ನೋಡುವುದು. ಅಲ್ಲಿ ಪತ್ರ ಇದೆ, ಆ್ಯಪಿನಲ್ಲಿ ಇಲ್ಲ ಎಂದರೆ ದೋಷ ಫೋನಿನ ಸಿಂಕ್‌ನದು. ಬ್ಯಾಟರಿ ಸೇವರ್, ಆಟೋ ಸಿಂಕ್ ಗುಂಡಿ, ಎಷ್ಟು ದಿನದ ಮೇಲ್ ಇಳಿಸಬೇಕೆಂಬ ಮಿತಿ, ಇವನ್ನು ನೋಡಬೇಕು. ಅಲ್ಲೂ ಪತ್ರ ಇಲ್ಲ ಎಂದರೆ ಫೋನನ್ನು ಕೆಳಗಿಟ್ಟು ಪಾಪ್ ಕಂಪ್ಯೂಟರನ್ನೋ ತುಂಬಿದ ಪೆಟ್ಟಿಗೆಯನ್ನೋ ಕಳಿಸಿದವರನ್ನೋ ವಿಚಾರಿಸಬೇಕು. ಒಳಕ್ಕೇ ಬಿಡಲಿಲ್ಲ ಎಂದರೆ ಪಾಸ್‌ವರ್ಡೋ ಹೊಸ ನಿಯಮವೋ. ಒಮ್ಮೊಮ್ಮೆ ಬ್ಯಾಟರಿ ಪೂರ್ತಿ ಸತ್ತು ಎದ್ದ ಫೋನಿನ ತಾರೀಖು 1970ಕ್ಕೆ ಹೋಗಿ ಕೂತಿರುವುದೂ ಕಾರಣವಿರಬಹುದು. ಇಷ್ಟನ್ನು ಸಾಮಾನ್ಯ ಜನ ತಿಳಿದಿರಬೇಕೆನ್ನುವುದು ದುಬಾರಿ ನಿರೀಕ್ಷೆ ಎಂದು ಕೆಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಕಾಗದ ಬಾರದಿದ್ದರೆ ಬರೆದಿಲ್ಲವೋ, ಪೋಸ್ಟ್ ಆಫೀಸಿಗೆ ಬಂದಿದೆಯೋ, ಪೋಸ್ಟ್‌ಮನ್ ಪಕ್ಕದ ಮನೆಗೆ ಕೊಟ್ಟನೋ ಎಂದು ಈ ಊರುಗಳಲ್ಲಿ ಓದುಬರಹ ಬಾರದ ಅಜ್ಜಿಯರೂ ವಿಂಗಡಿಸಿ ವಿಚಾರಿಸುತ್ತಿದ್ದರು. ಕಾಗದ ಬರಲಿಲ್ಲವೆಂದು ಯಾರೂ ರಸ್ತೆಯನ್ನು ಬೈಯುತ್ತಿರಲಿಲ್ಲ.

ಬಂದೂ ಬಾರದಂತಿದ್ದ ಮೇಲ್‌ಗಳದ್ದು ಇನ್ನೊಂದು ಪಂಗಡ. ಕನ್ನಡದ ಕಚೇರಿ ಪತ್ರಗಳನ್ನು ವರ್ಷಗಟ್ಟಲೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಲಾಯಿತು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅಚ್ಚಗನ್ನಡ. ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಹಚ್ಚಿದಂಥ ಅವತಾರ. ಯೂನಿಕೋಡ್‌ನಲ್ಲಿ ಬರೆದರೂ 2012ರ ಆಂಡ್ರಾಯ್ಡ್ 4.1 ಕನ್ನಡಕ್ಕೆ ಜಾಗ ಕೊಡುವ ತನಕ ಬಹುತೇಕ ಫೋನುಗಳಲ್ಲಿ ಬರೀ ಚೌಕಗಳು. ಇದಕ್ಕೂ ಕೇಳಿಬರುತ್ತಿದ್ದ ವಿವರಣೆ: “ನೆಟ್ ಸ್ಲೋ ಐತ್ರಿ, ಫೈಲ್ ಪೂರ್ತಿ ಇಳಿದಿಲ್ಲ.” ಪೂರ್ತಿ ಇಳಿದಿತ್ತು. ಕನ್ನಡವನ್ನು ಹೇಗೆ ಸಂಕೇತಿಸಬೇಕೆಂಬ, ಬೆಂಗಳೂರಿನಲ್ಲಿ ಇತ್ಯರ್ಥವಾಗಬೇಕಿದ್ದ ವಿಷಯ ಮಾತ್ರ ಇಳಿದಿರಲಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಈಗ ಆದೇಶವೂ ನೋಟಿಸೂ ವಾಟ್ಸಾಪ್‌ನಲ್ಲೇ ಬರುತ್ತವಲ್ಲ, ಮೇಲ್ ನೋಡುವವರಾರು ಎಂಬುದು ಇವತ್ತಿನ ಬಲವಾದ ಆಕ್ಷೇಪ. ಅನುಕೂಲದ ದೃಷ್ಟಿಯಿಂದ ಅದು ಸರಿ. ಕಾನೂನಿನ ದೃಷ್ಟಿಯಿಂದ ಅಪಾಯಕಾರಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮು, ಗೊತ್ತುಪಡಿಸಿದ ವಿಳಾಸದ ಕಂಪ್ಯೂಟರ್ ವ್ಯವಸ್ಥೆಯೊಳಗೆ ಸಂದೇಶ ಹೊಕ್ಕ ಹೊತ್ತನ್ನೇ ತಲುಪಿದ ಹೊತ್ತೆಂದು ಹಿಡಿಯುತ್ತದೆ. ಫೋನ್ ಟಿಂಗ್ ಎಂದಿತೇ, ಬ್ಯಾಟರಿ ಸೇವರ್ ಆನ್ ಇತ್ತೇ ಎಂದು ಅದು ಕೇಳುವುದಿಲ್ಲ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಕಾಯ್ದೆಯ 169ನೇ ಕಲಮಿನಲ್ಲೂ, ನೋಂದಣಿಯಲ್ಲಿ ಕೊಟ್ಟ ಇ-ಮೇಲ್‌ಗೆ ಕಳಿಸುವುದು ನೋಟಿಸ್ ಜಾರಿ ಮಾಡುವ ಒಪ್ಪಿತ ದಾರಿಗಳಲ್ಲೊಂದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ ಸಿಂಧನೂರಿನಲ್ಲಿ ಗಿರಣಿ, ಗೊಬ್ಬರ, ಬೀಜ ಎಂದು ನೋಂದಣಿ ಮಾಡಿಸಿದ ವ್ಯಾಪಾರಸ್ಥರಿಗೆ ಕೊರತೆಯಿಲ್ಲ. ಆಗ ಅವಸರದಲ್ಲಿ ಬರೆಸಿದ ಮೇಲ್ ವಿಳಾಸ ಎಷ್ಟೋ ಜನರ ವಿಷಯದಲ್ಲಿ ಅವರದೇ ಅಲ್ಲ, ಫಾರ್ಮ್ ತುಂಬಿಕೊಟ್ಟವರದು. ನೋಟಿಸ್ ‘ತಲುಪಿರುತ್ತದೆ’. ಮೂವತ್ತು ದಿನದ ಗಡಿಯಾರ ಓಡತೊಡಗಿರುತ್ತದೆ. ಮಾಲೀಕರು ವಾಟ್ಸಾಪ್ ನೋಡುತ್ತಿರುತ್ತಾರೆ.

ವಾಟ್ಸಾಪ್ ಸಾಕೆನ್ನುವ ವಾದ ಕುಸಿಯುವ ಇನ್ನೊಂದು ಜಾಗವೆಂದರೆ, ಅದು ವ್ಯಕ್ತಿಯದು, ಹುದ್ದೆಯದಲ್ಲ. ಹಳೆಯ ಕಚೇರಿಗಳಲ್ಲಿ ಆವಕ-ಜಾವಕ ಪುಸ್ತಕ ಎಂಬುದೊಂದಿತ್ತು. ಟಪಾಲು ಯಾರ ಕೈಗೆ ಬಂದರೂ ಅದರಲ್ಲಿ ನಂಬರ್ ಬೀಳದೆ ಒಳಗೆ ಹೋಗುತ್ತಿರಲಿಲ್ಲ, ಗುಮಾಸ್ತ ವರ್ಗವಾದರೆ ಪುಸ್ತಕ ಅಲ್ಲೇ ಉಳಿಯುತ್ತಿತ್ತು. ಮೇಲ್ ಬಂದಾಗ ಆ ಪುಸ್ತಕದ ಜಾಗಕ್ಕೆ ಒಂದು ಖಾತೆ ಬರಬೇಕಿತ್ತು; ಬಂದದ್ದು ಒಬ್ಬರ ಫೋನು. ಪಂಚಾಯಿತಿಯಲ್ಲೋ ಶಾಲೆಯಲ್ಲೋ ಕಂಪ್ಯೂಟರ್ ಬಲ್ಲವರೊಬ್ಬರು ತಮ್ಮ ನಂಬರ್ ಕೊಟ್ಟು ಖಾತೆ ತೆರೆದರು. ಪಾಸ್‌ವರ್ಡ್ ಮರೆತಾಗ ಒಟಿಪಿ ಹೋಗುವುದು ಆ ನಂಬರಿಗೆ. ಅವರು ಕೆಲಸ ಬಿಟ್ಟರೆ, ಸಿಮ್ ನಿಂತುಹೋದರೆ, ಕೆಲವು ತಿಂಗಳಲ್ಲಿ ಅದೇ ನಂಬರ್ ಇನ್ನಾರದೋ ಕೈಸೇರುತ್ತದೆ. 2018ರ ಸುಮಾರಿಗೆ ಮಸ್ಕಿ ಹೊಸ ತಾಲ್ಲೂಕಾಗಿ ಕಚೇರಿಗಳು ಒಂದೊಂದಾಗಿ ತಲೆಯೆತ್ತಿದಾಗ ಇದನ್ನು ಮೊದಲಿನಿಂದ ಸರಿಯಾಗಿ ಕಟ್ಟುವ ಅವಕಾಶವಿತ್ತು. ಹುದ್ದೆಯ ಹೆಸರಿನಲ್ಲಿ ಖಾತೆ, ಇಬ್ಬರ ಕೈಯಲ್ಲಿ ಕೀಲಿ, ಅಧಿಕಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀರುವಿನ ಬೀಗದಕೈ ಜೊತೆಗೆ ಮೇಲ್‌ನದೂ ಒಂದು ಸಾಲು. ಟವರ್ ಸರಿಹೋದರೆ ಎಲ್ಲ ಸರಿಹೋಗುತ್ತದೆ ಎಂದು ಕಾದು ಕೂತವರಿಗೆ ಈ ಸಾಲು ಬರೆಯುವ ಅಗತ್ಯ ಹೊಳೆಯುವುದಾದರೂ ಹೇಗೆ? ಲಿಂಗಸುಗೂರಿನಿಂದ ವರ್ಗವಾಗಿ ಹೋದವರ ಫೋನಿನಲ್ಲಿ ಹಳೆಯ ಕಚೇರಿಯ ಟಪಾಲು ಇವತ್ತಿಗೂ ಟಿಂಗ್ ಎನ್ನುತ್ತಿರುತ್ತದೆ, ಅವರು ಅದನ್ನು ಓದದೆ ಪಕ್ಕಕ್ಕೆ ಸರಿಸುತ್ತಿರುತ್ತಾರೆ. ಅವರು ಹೋದ ಊರಿನಲ್ಲೂ, ಬಿಟ್ಟ ಊರಿನಲ್ಲೂ ಟವರ್ ಚೆನ್ನಾಗಿಯೇ ಇದೆ.